ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಫ್ಲಾರೆನ್ಸ್ ಬಿಟ್ಟು ಬೇರೆ ಹಳೇ ಊರುಗಳಲ್ಲಿ ರೆನೆಸಾನ್ಸ್ (15-16ನೇ ಶತಮಾನದ) ಚಿತ್ರಗಳನ್ನು ನೋಡೋಕೆ ನಾಲ್ಕು ದಿನ ಸಾಕಾ?

ಸಾಕು. ಆದರೆ ನೀವು ಕೊಟ್ಟಿರುವ ಏಳು ಊರುಗಳ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಬೇಕು. ಜೊತೆಗೆ ಅಮ್ಮ ಬರ್ತಾರೆ, ಕಲೆ ಬಗ್ಗೆ ಇಬ್ಬರಿಗೂ ಅಷ್ಟೇನೂ ಗೊತ್ತಿಲ್ಲ, ಕಾರು ಓಡಿಸಲ್ಲ ಅಂತ ಬೇರೆ ಬರೆದಿದ್ದೀರಿ. ಹಾಗಿದ್ದರೆ ಖಂಡಿತ ಹೊಡೆದುಹಾಕಿ.

ನಾನು ಮೊದಲ ಸಲ ಹೋದಾಗ ನಿಮ್ಮ ಹಾಗೇ ಪಟ್ಟಿ ಹಿಡಿದು ಓಡಿದ್ದೆ. ಬೆಳಿಗ್ಗೆ ಸಿಯೆನಾ, ಮಧ್ಯಾಹ್ನ ಸಾನ್ ಜಿಮಿನ್ಯಾನೊ. ಮೂರನೇ ದಿನದ ಹೊತ್ತಿಗೆ ಎಲ್ಲ ಚಿತ್ರಗಳ ಮರಿಯಳೂ (ಏಸುವಿನ ತಾಯಿ) ಒಂದೇ ಥರ ಕಾಣತೊಡಗಿದಳು. ಎರಡನೇ ಸಲ ಆ ತಪ್ಪು ಮಾಡಲಿಲ್ಲ. ಒಬ್ಬನೇ ಚಿತ್ರಕಾರನ ಬೆನ್ನು ಹತ್ತಿದೆ. ಅವನ ಹೆಸರು ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ. ಹುಟ್ಟಿದ್ದು ಟಸ್ಕನಿಯ ಪೂರ್ವದ ಅಂಚಿನಲ್ಲಿರುವ ಸಾನ್‌ಸೆಪೊಲ್ಕ್ರೊ ಎಂಬ ಸಣ್ಣ ಊರಲ್ಲಿ, 1492ರಲ್ಲಿ ಸತ್ತಿದ್ದೂ ಅಲ್ಲೇ. ಚಿತ್ರದ ಜೊತೆಗೆ ಗಣಿತವೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಜನ ಅಳೋದಿಲ್ಲ, ನಗೋದಿಲ್ಲ. ಏನೋ ಯೋಚನೆ ಮಾಡುತ್ತಾ ಸುಮ್ನೆ ನಿಂತಿರುತ್ತಾರೆ. ಮೊದಲು ಸಪ್ಪೆ ಅನ್ನಿಸಬಹುದು. ಹತ್ತು ನಿಮಿಷ ಕೊಡಿ.

ಅವನ ಮುಖ್ಯ ಭಿತ್ತಿಚಿತ್ರಗಳು ಅರೆಟ್ಸೊ, ಮೊಂತೆರ್ಕಿ, ಸಾನ್‌ಸೆಪೊಲ್ಕ್ರೊ ಎಂಬ ಮೂರು ಊರುಗಳಲ್ಲಿವೆ. ಈ ತುದಿಯಿಂದ ಆ ತುದಿಗೆ ಸುಮಾರು 40 ಕಿ.ಮೀ. ಅಷ್ಟೇ. ಅರೆಟ್ಸೊದಲ್ಲಿ ಮೂರು ರಾತ್ರಿ ರೂಮು ಮಾಡಿ. ಫ್ಲಾರೆನ್ಸಿನಿಂದ ರೋಮ್ ಕಡೆ ಹೋಗುವ ರೈಲು ಮಾರ್ಗದಲ್ಲೇ ಇದೆ, ಸುಮಾರು ಒಂದು ಗಂಟೆ ಪ್ರಯಾಣ.

ಅರೆಟ್ಸೊದ ಸಾನ್ ಫ್ರಾಂಚೆಸ್ಕೊ ಚರ್ಚು ಹೊರಗಿನಿಂದ ಏನೂ ಇಲ್ಲ, ಬರೀ ಒರಟು ಕಲ್ಲಿನ ಗೋಡೆ. ಒಳಗೆ ಪೂಜಾಪೀಠದ ಹಿಂದಿನ ಮೂರು ಗೋಡೆಗಳ ತುಂಬ ಒಂದೇ ಕಥೆ. 1450ರ ದಶಕದಲ್ಲಿ ಶುರು ಮಾಡಿ 1466ರ ಹೊತ್ತಿಗೆ ಮುಗಿಸಿದ್ದು. ಕಥೆ ನಮ್ಮ ಸ್ಥಳಪುರಾಣಗಳ ಜಾತಿಯದ್ದೇ, ಒಂದು ಮರದ ಪುರಾಣ. ಆದಾಮ ಸತ್ತಾಗ ಅವನ ಬಾಯಲ್ಲಿ ನೆಟ್ಟ ಕಡ್ಡಿ ಮರವಾಗುತ್ತದೆ. ಆ ಮರವನ್ನು ಕಡಿದು ಹೊಳೆಗೆ ಸೇತುವೆ ಮಾಡುತ್ತಾರೆ. ಷೀಬಾದ ರಾಣಿ ಬಂದವಳು ಈ ಮರ ಮುಂದೆ ಏನಾಗುತ್ತದೆ ಅಂತ ತಿಳಿದು, ಅದನ್ನು ತುಳಿಯದೆ ಮಂಡಿಯೂರುತ್ತಾಳೆ. ಕೊನೆಗೆ ಏಸುವಿನ ಶಿಲುಬೆಯಾಗೋದು ಅದೇ ಮರ. ಇದನ್ನು ಅಮ್ಮನಿಗೆ ರೈಲಲ್ಲೇ ಹೇಳಿಬಿಡಿ. ಗೋಡೆಯ ಮೇಲೆ ಪ್ರಸಂಗಗಳು ಕಥೆಯ ಕ್ರಮದಲ್ಲಿಲ್ಲ, ಮೊದಲೇ ಗೊತ್ತಿಲ್ಲದಿದ್ದರೆ ತಲೆ ಕೆಡುತ್ತದೆ.

ಒಳಗೆ ಹೋದ ಮೇಲೆ ನೇರವಾಗಿ ಹಿಂಗೋಡೆಯ ಕೆಳಗಿನ ಬಲಮೂಲೆ ನೋಡಿ. ಅದೇ ಶಿಲುಬೆಯ ಕಥೆಯ ಮುಂದಿನ ಪ್ರಸಂಗ: ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಡೇರೆಯಲ್ಲಿ ಮಲಗಿದ್ದಾನೆ. ರಾತ್ರಿ. ಮೇಲಿನಿಂದ ದೇವದೂತ ಬರುತ್ತಿದ್ದಾನೆ, ಡೇರೆಯ ಬಟ್ಟೆ, ಕಾವಲುಗಾರನ ಬೆನ್ನು, ಎಲ್ಲದರ ಮೇಲೂ ಆ ಕಡೆಯಿಂದಲೇ ಬೆಳಕು. ಹಾಸಿಗೆಯ ಪಕ್ಕ ಕೂತ ಆಳು ಮಾತ್ರ ನಿದ್ದೆ ತಡೆಯಲಾರದೆ ಕೈಗೆ ತಲೆ ಕೊಟ್ಟು ಕೂತಿದ್ದಾನೆ. ರಾತ್ರಿಯ ಬೆಳಕನ್ನು ಹೀಗೆ ಬರೆದ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು. ನಾನಂತೂ ಆ ನಿದ್ದೆಗಣ್ಣಿನ ಆಳನ್ನೇ ನೋಡುತ್ತಾ ನಿಂತುಬಿಟ್ಟೆ.

ಇನ್ನೊಂದು ವಿಷಯ. ಇಂಥ ಭಿತ್ತಿಚಿತ್ರಕ್ಕೆ ಗೋಡೆಯ ಹಸಿ ಸುಣ್ಣದ ಗಾರೆ ಒಣಗುವ ಮುಂಚೆಯೇ ಬಣ್ಣ ಹಾಕಬೇಕು. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತೋ ಅಷ್ಟಕ್ಕೇ ಗಾರೆ ಮೆತ್ತುತ್ತಿದ್ದರು. ಓರೆಯಾಗಿ ನೋಡಿದರೆ ಒಂದು ದಿನದ ಕೆಲಸ ಇನ್ನೊಂದಕ್ಕೆ ಸೇರುವ ಗೆರೆ ಅಲ್ಲಲ್ಲಿ ಕಾಣುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗೀತು, ಆಮೇಲೆ ಎಲ್ಲ ಚರ್ಚಿನಲ್ಲೂ ಅದನ್ನೇ ಹುಡುಕುತ್ತೀರಿ. ಮೇಲಿನ ಸಾಲು ತುಂಬ ಎತ್ತರದಲ್ಲಿದೆ. ಒಂದು ಸಣ್ಣ ಬೈನಾಕ್ಯುಲರ್ ಇಟ್ಟುಕೊಳ್ಳಿ. ಒಳಗೆ ಒಮ್ಮೆಗೆ ಕೆಲವೇ ಜನರನ್ನು, ಅದೂ ಇಷ್ಟೇ ಹೊತ್ತು ಅಂತ ಬಿಡುತ್ತಾರೆ. ಟಿಕೆಟ್ ಮುಂಚೆಯೇ ಮಾಡಿಸಿ.

ಮೊಂತೆರ್ಕಿ ಒಂದು ಗುಡ್ಡದ ಹಳ್ಳಿ. ಅಲ್ಲಿ ನೋಡೋಕೆ ಇರೋದು ಒಂದೇ ಚಿತ್ರ: ತುಂಬು ಗರ್ಭಿಣಿ ಮರಿಯ. ಮೊದಲು ಒಂದು ಸಣ್ಣ ಚರ್ಚಿನಲ್ಲಿತ್ತು, ಈಗ ಹಳೇ ಶಾಲೆಯ ಕಟ್ಟಡದಲ್ಲಿಟ್ಟಿದ್ದಾರೆ. ಡೇರೆಯ ಪರದೆಯನ್ನು ಇಬ್ಬರು ದೇವದೂತರು ಎರಡೂ ಕಡೆಗೆ ಸರಿಸಿ ಹಿಡಿದಿದ್ದಾರೆ. ನಡುವೆ ನೀಲಿ ಗೌನಿನವಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ತಿಂಗಳು ತುಂಬಿದ ಹೆಂಗಸರು ನಡು ನೋವಿಗೆ ಕೈ ಕೊಟ್ಟು ನಿಲ್ಲುತ್ತಾರಲ್ವಾ, ಥೇಟ್ ಹಾಗೆ. ಬಿಗಿಯಾದ ಗೌನಿನ ಹೊಲಿಗೆಯನ್ನು ಮುಂದೆ ಬಿಚ್ಚಿಕೊಂಡಿದ್ದಾಳೆ. ದೇವದೂತರಿಬ್ಬರೂ ಕನ್ನಡಿಯಲ್ಲಿ ತಿರುಗಿಸಿದ ಹಾಗಿದ್ದಾರೆ. ಒಂದೇ ನಕ್ಷೆಯ ಹಾಳೆಯನ್ನು ಮಗುಚಿ ಎರಡು ಸಲ ಬಳಸಿದ್ದಾನೆ, ಬಣ್ಣ ಮಾತ್ರ ಅದಲುಬದಲು. ಗರ್ಭಿಣಿಯರಿಗೆ ಇಲ್ಲಿ ಟಿಕೆಟ್ ಇಲ್ಲ. ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸೋದು ಇದೇ ಇರಬೇಕು ಅಂತ ನನ್ನ ಅಂದಾಜು.

ನಾನು ಪೆಟ್ಟು ತಿಂದಿದ್ದೂ ಇಲ್ಲೇ. ಬಸ್ಸಿನ ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಅಂತಿತ್ತು. ರಜಾದಿನ ಅಂದುಕೊಂಡೆ. ಅದು ಪೂರ್ತಿ ಉಲ್ಟಾ, ಸೋಮವಾರದಿಂದ ಶನಿವಾರದವರೆಗಿನ ಕೆಲಸದ ದಿನಗಳು. ರಜಾದಿನಕ್ಕೆ 'ಫೆಸ್ತೀವೊ' ಅನ್ನುತ್ತಾರೆ. 'ಸ್ಕೊಲಾಸ್ತಿಕೊ' ಅಂತಿದ್ದರೆ ಶಾಲೆ ಇರುವ ದಿನ ಮಾತ್ರ ಆ ಬಸ್ಸು. ಭಾನುವಾರ ಸ್ಟಾಪಿನಲ್ಲಿ ಎರಡು ಗಂಟೆ ಕೂತೆ. ಬಂದಿದ್ದು ಒಂದು ನಾಯಿ. ಕೊನೆಗೆ ಎದುರಿನ ಬಾರಿನವರಿಗೆ ಹೇಳಿ ಟ್ಯಾಕ್ಸಿ ಕರೆಸಿಕೊಂಡೆ, ಆ ದಿನದ ಊಟದ ದುಡ್ಡೆಲ್ಲ ಅದಕ್ಕೇ ಹೋಯಿತು. ಅಮ್ಮ ಜೊತೆಗಿರುವಾಗ ನೀವು ಈ ಸಾಹಸ ಬೇಡ. ಒಂದು ದಿನಕ್ಕೆ ಅರೆಟ್ಸೊದಿಂದಲೇ ಟ್ಯಾಕ್ಸಿ ಮಾತಾಡಿಕೊಳ್ಳಿ, ಮೊಂತೆರ್ಕಿ, ಸಾನ್‌ಸೆಪೊಲ್ಕ್ರೊ ಎರಡೂ ಮುಗಿಯುತ್ತವೆ.

ಸಾನ್‌ಸೆಪೊಲ್ಕ್ರೊ ಅಂದರೆ ಪವಿತ್ರ ಸಮಾಧಿ. ಆ ಹೆಸರಿಗೆ ತಕ್ಕಂತೆ ಊರಿನ ಆಡಳಿತ ಭವನದ ಗೋಡೆಯ ಮೇಲೆ ಪಿಯೆರೊ ಏಸುವಿನ ಪುನರುತ್ಥಾನ, ಅಂದರೆ ಸತ್ತ ಏಸು ಸಮಾಧಿಯಿಂದ ಎದ್ದು ಬರುವುದನ್ನು ಬರೆದ. ಈಗ ಆ ಕಟ್ಟಡವೇ ಮ್ಯೂಸಿಯಂ. ಏಸು ಒಂದು ಕಾಲನ್ನು ಸಮಾಧಿಯ ಅಂಚಿನ ಮೇಲಿಟ್ಟು ನೇರ ನಿಮ್ಮನ್ನೇ ನೋಡುತ್ತಾನೆ. ಕೆಳಗೆ ನಾಲ್ಕು ಜನ ಕಾವಲುಗಾರರು ಗೊರಕೆ ಹೊಡೀತಿದ್ದಾರೆ. ಅದರಲ್ಲಿ ತಲೆ ಹಿಂದಕ್ಕೆ ವಾಲಿಸಿದವನು ಪಿಯೆರೊನೇ ಅಂತಾರೆ. ಭರ್ಜಿ ಹಿಡಿದವನ ಕಾಲು ಎಲ್ಲಿದೆ ಅಂತ ಹುಡುಕಿ ನೋಡಿ, ಸಿಗೋದಿಲ್ಲ! ಗಣಿತ ಗೊತ್ತಿದ್ದವನು ಮರೆತು ಬಿಟ್ಟಿದ್ದಲ್ಲ ಅಂತ ನನಗನ್ನಿಸುತ್ತೆ, ಜಾಗ ಸಾಲದೆ ಬಿಟ್ಟಿರಬೇಕು. ಎಡಗಡೆಯ ಮರಗಳು ಬೋಳು, ಬಲಗಡೆಯವು ಹಸಿರು.

ಈ ಗೋಡೆ ಉಳಿದಿದ್ದರ ಹಿಂದೆಯೂ ಒಂದು ಕಥೆ ಇದೆ. 1944ರಲ್ಲಿ ಟೋನಿ ಕ್ಲಾರ್ಕ್ ಎಂಬ ಬ್ರಿಟಿಷ್ ಅಧಿಕಾರಿಗೆ ಈ ಊರಿನ ಮೇಲೆ ಫಿರಂಗಿ ಹಾರಿಸುವ ಕೆಲಸ ಬಂತು. ಶುರುವಾದ ಮೇಲೆ ಅವನಿಗೆ ಊರಿನ ಹೆಸರು ಎಲ್ಲೋ ಓದಿದ ನೆನಪಾಯಿತು. ಜಗತ್ತಿನ ಅತ್ಯುತ್ತಮ ಚಿತ್ರ ಇರೋದು ಇಲ್ಲೇ ಅಂತ ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ 1920ರ ದಶಕದಲ್ಲಿ ಬರೆದಿದ್ದ. ಕ್ಲಾರ್ಕ್ ಆ ಚಿತ್ರ ನೋಡಿರಲೇ ಇಲ್ಲ. ಆದರೂ ಫಿರಂಗಿ ನಿಲ್ಲಿಸಿದ. ಅವನ ಹೆಸರಿನ ರಸ್ತೆ ಈಗ ಅಲ್ಲಿದೆ.

ಇನ್ನೂ ಒಂದು ದಿನ ಉಳಿಯುತ್ತೆ ಅಂದರೆ ಕೊರ್ತೋನಾ ಅನ್ನೋ ಊರಿಗೆ ಹೋಗಿ. ಸ್ಟೇಷನ್ ಕೆಳಗೆ, ಊರು ಗುಡ್ಡದ ಮೇಲೆ, ಬಸ್ ಹತ್ತಬೇಕು. ಅಲ್ಲಿನ ಡಯೋಸಿಸನ್ (ಚರ್ಚಿನ ಆಡಳಿತದ) ಮ್ಯೂಸಿಯಂನಲ್ಲಿ ಫ್ರಾ ಆಂಜೆಲಿಕೊ ಎಂಬ ಸನ್ಯಾಸಿ ಚಿತ್ರಕಾರನ ಚಿತ್ರ: ದೇವದೂತ ಮರಿಯಳಿಗೆ ಏಸು ಹುಟ್ಟುವ ಸುದ್ದಿ ಹೇಳುತ್ತಿದ್ದಾನೆ. ಅವರ ಮಾತುಗಳು ಚಿನ್ನದ ಅಕ್ಷರದಲ್ಲಿ ಗಾಳಿಯಲ್ಲಿ ತೇಲುತ್ತವೆ. ಮರಿಯಳ ಉತ್ತರದ ಸಾಲು ಮಾತ್ರ ತಲೆಕೆಳಗು, ಮೇಲಿರುವ ದೇವರು ಓದಲಿ ಅಂತ.

ಊಟಕ್ಕೆ ಪರದಾಡಬೇಕಿಲ್ಲ. ಪೀಚಿ ಅಂತ ಕೈಯಲ್ಲಿ ಹೊಸೆದ ದಪ್ಪ ಶಾವಿಗೆ ಸಿಗುತ್ತದೆ, ಟೊಮೆಟೊ ಬೆಳ್ಳುಳ್ಳಿ ಗೊಜ್ಜಿನ ಜೊತೆ ತಿನ್ನಿ. ಮಾಂಸ ತಿನ್ನದವರಾದರೆ ಮಾಂಸದ ಸಾಸ್ ಬೇಡ ಅಂತ ಮಾತ್ರ ಒತ್ತಿ ಹೇಳಿ. ಸಣ್ಣ ಊರುಗಳ ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಆ ಹೊತ್ತು ಊಟಕ್ಕೆ ಇಟ್ಟುಕೊಳ್ಳಿ. ಜೇಬಲ್ಲಿ ಒಂದಿಷ್ಟು ಚಿಲ್ಲರೆ ಇರಲಿ. ಕೆಲವು ಚರ್ಚುಗಳಲ್ಲಿ ಡಬ್ಬಿಗೆ ನಾಣ್ಯ ಹಾಕಿದರಷ್ಟೇ ಚಿತ್ರದ ಮೇಲೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಟಪ್ ಅಂತ ಆರುತ್ತದೆ.

ಯಾವ ತಿಂಗಳು ಹೋಗ್ತಿದ್ದೀರಿ ಅಂತ ಬರೆದಿಲ್ಲ. ತಿಂಗಳ ಮೊದಲ ಭಾನುವಾರ ಮತ್ತು ಅದರ ಹಿಂದಿನ ಶನಿವಾರ ಅರೆಟ್ಸೊದಲ್ಲಿ ಹಳೇ ಸಾಮಾನಿನ ದೊಡ್ಡ ಸಂತೆ ಸೇರುತ್ತದೆ. ಆ ದಿನಗಳೇ ಆದರೆ ರೂಮು ಈಗಲೇ ಹಿಡಿದಿಡಿ.