ಅಟ್ಟದ ಮೇಲಿನ ಕೋವಿ ಖಾಲಿಯೆಂದು ಹೇಳಿದವರು ಯಾರು?

ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಅವುಗಳ ಬೆನ್ನಿಗೇ ನನಗೆ ಪ್ರಶ್ನೆಗಳೂ ಬರುತ್ತವೆ. ಶಸ್ತ್ರಾಗಾರದಲ್ಲಿ ಕೋವಿ ದುರಸ್ತಿಯ ಕೆಲಸ ಮಾಡಿ ನಿವೃತ್ತನಾದ ಮೇಲೆ ಇವನ್ನೇ ಉತ್ತರಿಸುತ್ತ ಬಂದಿದ್ದೇನೆ, ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು, ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು ಎಂಬಷ್ಟನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅಷ್ಟು ತಿಳಿಯದವರು ಕೋವಿಯನ್ನು ಮುಟ್ಟದಿರುವುದೇ ಕ್ಷೇಮ.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ, ಕೇಪೆಂಬ ಸಣ್ಣ ಲೋಹದ ಟೊಪ್ಪಿಯಿಂದ ಕಿಡಿ ಹೊತ್ತಿಸುವ ಕೋವಿ) ಅರವತ್ತು ವರ್ಷಗಳಿಂದ ಅಟ್ಟದ ಮೇಲಿತ್ತು. ಕಾಗದಪತ್ರಗಳು ಸರಿಯಾಗಿವೆ. ಈ ಸಲ ಪೂಜೆಗೆ ಇಡಬೇಕೆಂದಿದ್ದೇವೆ. ಖಾಲಿ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದ್ದರೂ ಇಷ್ಟು ವರ್ಷಗಳಲ್ಲಿ ಮದ್ದು ಸತ್ತುಹೋಗಿರುತ್ತದೆ ಅಲ್ಲವೇ? (ವಿರಾಜಪೇಟೆ ತಾಲ್ಲೂಕಿನ ಓದುಗರು)

ಉತ್ತರ: ಸತ್ತಿರುವುದಿಲ್ಲ. ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಲು ಮತ್ತು ಗಂಧಕಗಳ ಬರಿಯ ಮಿಶ್ರಣ. ಇಂದಿನ ತೋಟಾಗಳಲ್ಲಿರುವ ಹೊಗೆರಹಿತ ಮದ್ದು ಕಾಲಕ್ರಮದಲ್ಲಿ ತಾನಾಗಿಯೇ ಕೆಡುತ್ತದೆ, ಆದರೆ ಕರಿಮದ್ದು ಒಣಗಿರುವವರೆಗೂ ಹಾಗೆಯೇ ಇರುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಸೇರಿದ 18ನೆಯ ಶತಮಾನದ ಬ್ರಿಟಿಷ್ ಫಿರಂಗಿಯೊಂದನ್ನು 2013ರ ಜನವರಿಯಲ್ಲಿ ಸ್ವಚ್ಛಗೊಳಿಸಲು ತೆಗೆದಾಗ ಅದರೊಳಗೆ ಗುಂಡಿನ ಜೊತೆಗೆ 800 ಗ್ರಾಂಗೂ ಹೆಚ್ಚು ಮದ್ದು ಸಿಕ್ಕಿತು, ಅದೂ ಹೊತ್ತಿಕೊಳ್ಳುವ ಸ್ಥಿತಿಯಲ್ಲೇ ಇತ್ತು. ಸಾರ್ವಜನಿಕರ ನೋಟಕ್ಕೆ ಇಟ್ಟಿದ್ದ ಫಿರಂಗಿ ಅದು. ಅದಕ್ಕೆ ಹೋಲಿಸಿದರೆ ನಿಮ್ಮ ಅರವತ್ತು ವರ್ಷ ನಿನ್ನೆ ಮೊನ್ನೆಯ ಮಾತು. ಸಾಲದ್ದಕ್ಕೆ ಒಲೆಯ ಮೇಲಿನ ಅಟ್ಟದಷ್ಟು ಒಣ ಜಾಗ ಮಳೆಗಾಲದ ಕೊಡಗಿನಲ್ಲಿ ಬೇರೆಲ್ಲಿದೆ?

ಇಂಥ ಕೋವಿ ಈಡು, ಎಂದರೆ ಮದ್ದು ಮತ್ತು ಚರೆ, ತುಂಬಿದ ಸ್ಥಿತಿಯಲ್ಲೇ ಅಟ್ಟ ಸೇರಿರುವ ಸಂಭವ ಏಕೆ ಹೆಚ್ಚೆಂಬುದನ್ನೂ ತಿಳಿದುಕೊಳ್ಳಿ. ಬಾಯಿಯಿಂದ ಮದ್ದು ಸುರಿದು, ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದ ಕೋವಿಯನ್ನು ಖಾಲಿ ಮಾಡುವ ಸುಲಭದ ದಾರಿ ಗುಂಡು ಹೊಡೆಯುವುದೊಂದೇ. ಹಂದಿ ಕಾಯಲು ಹೋಗಿ, ಹಂದಿ ಬಾರದೆ ನಡುರಾತ್ರಿ ಮನೆಗೆ ಮರಳಿದ ಅಜ್ಜ ಕೇಪನ್ನು ಮಾತ್ರ ತೆಗೆದು ಕೋವಿಯನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದರು. ಒಳಗೆ ಈಡು ಇದೆಯೆಂಬುದು ಅವರಿಗೆ ನೆನಪಿತ್ತು. ಆ ನೆನಪು ಅವರೊಂದಿಗೇ ಹೋಯಿತು, ಈಡು ಉಳಿಯಿತು. ಆದ್ದರಿಂದ ಮನೆಯವರ ಮಾತನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೂರು ತಲೆಮಾರಿನಿಂದ ಖಾಲಿ ಎಂದು ಹೇಳಿ ನನ್ನ ಮೇಜಿನ ಮೇಲೆ ಇಟ್ಟ ಕೋವಿಯೊಂದರೊಳಗೆ ಗಜದ ಕೋಲು ಬುಡ ಮುಟ್ಟುವ ನಾಲ್ಕು ಬೆರಳು ಮೊದಲೇ ನಿಂತಿತು. ಅದನ್ನು ತಂದವರು ನಳಿಗೆಯನ್ನು ದಾರಿಯುದ್ದಕ್ಕೂ ತಮ್ಮ ಗಲ್ಲಕ್ಕೆ ಆನಿಸಿಕೊಂಡು ಜೀಪಿನಲ್ಲಿ ಕುಳಿತಿದ್ದರು.

ಪರೀಕ್ಷೆ ಸರಳವಾಗಿದೆ. ಮೊದಲು ಕೋವಿಯ ಬಾಯಿ ಯಾರೂ ಇಲ್ಲದ ಬಯಲಿನ ಕಡೆಗಿರಲಿ. ನಳಿಗೆಯ ಬುಡದಲ್ಲಿ ಕೇಪು ಕೂರಿಸುವ ಚಿಕ್ಕ ಕೊಳವೆಯ ಮೇಲೆ ಕೇಪು ಕೂತಿದ್ದರೆ, ಅದರಲ್ಲೂ ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಅಲ್ಲಿಗೇ ನಿಲ್ಲಿಸಿ. ಮುಂದಿನದು ನಿಮ್ಮ ಕೆಲಸವಲ್ಲ. ಕೇಪು ಇಲ್ಲದಿದ್ದರೆ ಮರದ ತೆಳು ಕೋಲೊಂದನ್ನು ಪಕ್ಕದಲ್ಲಿ ನಿಂತು, ಅಂಗೈಯನ್ನಾಗಲಿ ಮುಖವನ್ನಾಗಲಿ ಬಾಯಿಗೆ ಎದುರು ತಾರದೆ, ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಬಿಡಿ. ಅದು ನಿಂತ ಕಡೆ, ಬಾಯಿಯ ಅಂಚಿಗೆ ಸರಿಯಾಗಿ ಕೋಲಿನ ಮೇಲೆ ಗುರುತು ಮಾಡಿ ಹೊರತೆಗೆದು, ಆ ಗುರುತನ್ನು ಬಾಯಿಗೆ ಹೊಂದಿಸಿ ಕೋಲನ್ನು ನಳಿಗೆಯ ಹೊರಮೈಗೆ ಒತ್ತಾಗಿ ಇಟ್ಟು ನೋಡಿ. ಕೋಲಿನ ತುದಿ ಕೇಪು ಕೂರಿಸುವ ಕೊಳವೆಯ ಬುಡದವರೆಗೆ ಮುಟ್ಟಬೇಕು. ಎರಡು ಬೆರಳು ಕಡಿಮೆಯಾದರೂ ಒಳಗೆ ಏನೋ ಇದೆ ಎಂದೇ ತಿಳಿಯಿರಿ. ಅದು ಕಣಜದ ಗೂಡೂ ಆಗಿರಬಹುದು, ಆದರೆ ಈಡೆಂದೇ ಎಣಿಸಿ ನಡೆದುಕೊಳ್ಳಿ.

ಅಲ್ಲಿಂದ ಮುಂದೆ ನೀವು ಮಾಡಬೇಕಾದದ್ದು ಏನೂ ಇಲ್ಲ, ಮಾಡಬಾರದ್ದು ಬಹಳ ಇದೆ. ಬಾಯಿಯಿಂದ ಊದಿ ಗಾಳಿ ಆಚೆ ಬರುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯನ್ನು ಇಂದಿಗೂ ಹೇಳಿಕೊಡುವವರಿದ್ದಾರೆ. ತುಂಬಿದ ಕೋವಿಯ ಬಾಯನ್ನು ತಮ್ಮ ಬಾಯಲ್ಲಿಟ್ಟುಕೊಳ್ಳುವ ವಿದ್ಯೆಗೆ ನನ್ನಲ್ಲಿ ಹೆಸರಿಲ್ಲ. ನೀರು ಅಥವಾ ಎಣ್ಣೆ ಹೊಯ್ದರೆ ಮದ್ದು ಸಾಯುತ್ತದೆ ಎಂಬುದನ್ನೂ ನಂಬಬೇಡಿ, ಬಿಗಿದ ನಾರನ್ನು ದಾಟಿ ಅದು ಬುಡಕ್ಕೆ ಇಳಿಯಿತೆಂಬುದಕ್ಕೆ ಖಾತ್ರಿಯಿಲ್ಲ. ನಳಿಗೆಯ ಬುಡವನ್ನು ಕುಲುಮೆಯಲ್ಲಿ ಕಾಯಿಸಿ ಬಿಚ್ಚಿಕೊಡುತ್ತೇನೆ ಎನ್ನುವ ಸಂತೆ ಪಂಡಿತರಿಂದ ದೂರವಿರಿ. ಕೋವಿ ದುರಸ್ತಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು, ಅಂಥವರ ಬಳಿ ಅದು ಇರುವುದಿಲ್ಲ. ಕೋವಿಯನ್ನು ಇದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರವಿರಿಸಿ, ಪರವಾನಗಿ ಇರುವ ದುರಸ್ತಿಗಾರರನ್ನು ಮನೆಗೇ ಕರೆಸಿ. ಸಿಗದಿದ್ದರೆ ಠಾಣೆಗೆ ತಿಳಿಸಿ. ಪೂಜೆ ಒಂದು ವರ್ಷ ತಡವಾದರೆ ಅಜ್ಜ ಬೇಸರಿಸಿಕೊಳ್ಳಲಾರರು.

ಖಾಲಿಯೆಂದು ಖಚಿತವಾಗಿ ಪೂಜೆಗೆ ಇಟ್ಟಿರೆಂದುಕೊಳ್ಳೋಣ. ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು ಆಮೇಲೆ ತೊಟ್ಟು ಸಮೇತ ತೆಗೆದಿರಾ ಎಂದು ನೋಡಿಕೊಳ್ಳಿ. ಇದು ಬಳಕೆಯಲ್ಲಿರುವ ಕೋವಿಗಳಿಗೆ ಇನ್ನೂ ಮುಖ್ಯ. ಪೂಜೆಯ ಬೆನ್ನಿಗೇ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ, ಆಗ ನಳಿಗೆಯೊಳಗೆ ಏನು ಸಿಕ್ಕಿಕೊಂಡಿದ್ದರೂ ನಳಿಗೆ ಸೀಳಬಹುದು.

ಪ್ರಶ್ನೆ: 12 ಬೋರಿನ ಕೋವಿಗೆ ಚಿಕ್ಕದಾದ 20 ಬೋರಿನ ತೋಟಾ ಹಾಕಿದರೆ ಏಟು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ ತಾನೇ?

ಉತ್ತರ: ಅಲ್ಲ. ಒಂದು ಪೌಂಡ್ ಸೀಸದಿಂದ ನಳಿಗೆಯ ಅಳತೆಯ ಎಷ್ಟು ಗುಂಡುಗಳಾಗುತ್ತವೆ ಎಂಬುದೇ ಬೋರಿನ ಲೆಕ್ಕ. ಸಂಖ್ಯೆ ಏರಿದಷ್ಟೂ ನಳಿಗೆ ಕಿರಿದು. 12 ಬೋರಿನ ವ್ಯಾಸ ಸುಮಾರು 18.5 ಮಿಲಿಮೀಟರ್, 20 ಬೋರಿನದು 15.6. ಚಿಕ್ಕ ತೋಟಾ ಮುಂದಕ್ಕೆ ಜಾರಿ, ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಬರಿಯ ಟಿಕ್ ಎಂಬ ಸದ್ದು. ಕೋವಿಯನ್ನು ಮಡಚಿ ತೆರೆದು ನೋಡಿದರೆ ಜಾಗ ಖಾಲಿ ಕಾಣುತ್ತದೆ, ಮರೆತೆನೇನೋ ಎಂದುಕೊಂಡು 12ರ ತೋಟಾ ಹಾಕಿ ಹೊಡೆದರೆ ನಳಿಗೆ ಒಡೆಯುವುದು ನಿಮ್ಮ ಎಡಗೈ ಹಿಡಿದಿರುವ ಆಸುಪಾಸಿನಲ್ಲೇ. 20ರ ತೋಟಾಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡೂ ಬೋರಿನ ಕೋವಿ ಇರುವ ಮನೆಯಲ್ಲಿ ಎರಡೂ ತೋಟಾಗಳು ಒಂದೇ ಚೀಲದಲ್ಲಿ ಇರಕೂಡದು.

ಪ್ರಶ್ನೆ: ಸೇಫ್ಟಿ ಹಾಕಿದ್ದರೆ ತೋಟಾ ತುಂಬಿಟ್ಟುಕೊಂಡು ಬೇಲಿ ದಾಟಬಹುದೇ?

ಉತ್ತರ: ಕೂಡದು. ಸಾಮಾನ್ಯ ಜೋಡಿ ನಳಿಗೆ ಕೋವಿಗಳಲ್ಲಿ ಆ ಗುಂಡಿ ಟ್ರಿಗರನ್ನು ಮಾತ್ರ ತಡೆಯುತ್ತದೆ, ಕೋವಿ ಕೆಳಗೆ ಬಿದ್ದಾಗ ಒಳಗಿನ ಹ್ಯಾಮರ್ ಕಳಚಿ ಬೀಳುವುದನ್ನು ತಡೆಯುವುದಿಲ್ಲ.

ಪ್ರಶ್ನೆ: ಮದುವೆಯ ದಿಬ್ಬಣದಲ್ಲಿ ಆಕಾಶಕ್ಕೆ ಗುಂಡು ಹಾರಿಸುವುದರಲ್ಲಿ ತಪ್ಪೇನು?

ಉತ್ತರ: ಮೇಲೆ ಹೋದದ್ದು ಯಾರದೋ ತಲೆಯ ಮೇಲೆ ಇಳಿಯುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ಮಳೆಗಾಲದಲ್ಲಿ ತಂಡಿ ಹಿಡಿದ ತೋಟಾಗಳನ್ನು ಒಲೆಯ ಬಳಿ ಒಣಗಿಸಬಹುದೇ?

ಉತ್ತರ: ಈ ಪ್ರಶ್ನೆಯನ್ನು ಎರಡನೆಯ ಸಲ ಕೇಳಬೇಡಿ.

ಪ್ರಶ್ನೆ: ರಾತ್ರಿ ತೋಟ ಕಾಯುವ ಆಳಿನ ಕೈಗೆ ನನ್ನ ಕೋವಿ ಕೊಡಬಹುದೇ?

ಉತ್ತರ: ಪರವಾನಗಿಯಲ್ಲಿ ಅವನ ಹೆಸರಿಲ್ಲದಿದ್ದರೆ ಕೊಡುವಂತಿಲ್ಲ. ಟಾರ್ಚು ಕೊಡಿ.