ಕಿಟ್ ಗಿಟಾರಿನ ರಂಧ್ರದಲ್ಲಿ ಬಿಗಿಯಾಗುವ ಔಟ್‌ಪುಟ್ ಜ್ಯಾಕನ್ನು ಕೂರಿಸುವುದು ಹೇಗೆ?

ಉಡುಪಿಯಲ್ಲಿ ಈ ಮಳೆಗಾಲದಲ್ಲಿ ಜೋಡಿಸುತ್ತಿರುವ ಕಿಟ್ ಗಿಟಾರಿನ ಬದಿಯ ರಂಧ್ರದೊಳಗೆ ಜ್ಯಾಕ್ (ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿನ ಪ್ಲಗ್ ಚುಚ್ಚುವ ಲೋಹದ ಭಾಗ) ಇಳಿಯುತ್ತಿಲ್ಲ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತಟ್ಟಬೇಡಿ, ಮರ ಸೀಳುವುದಕ್ಕಿಂತ ಮೊದಲೇ ಜ್ಯಾಕಿನ ತೆಳುವಾದ ಲೋಹದ ನಾಲಗೆಗಳು ಬಾಗಿಹೋಗುತ್ತವೆ.

ನಮ್ಮ ಕರಾವಳಿಯ ತೇವಕ್ಕೆ ಬಣ್ಣ ಬಳಿಯದ ಮರ ಸ್ವಲ್ಪ ಉಬ್ಬುತ್ತದೆ (ಆಷಾಢದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ನೀವು ನೋಡಿಯೇ ಇರುತ್ತೀರಿ), ಬಣ್ಣ ಬಳಿದಿದ್ದರೆ ರಂಧ್ರದ ಅಂಚಿನಲ್ಲಿ ಅದರ ಪದರ ಕಟ್ಟಿಕೊಂಡಿರುತ್ತದೆ. ಎರಡಕ್ಕೂ ಪರಿಹಾರ ಒಂದೇ: ರಂಧ್ರಕ್ಕಿಂತ ಸಣ್ಣದಾದ ದುಂಡು ಕೋಲಿಗೆ 120ನೇ ನಂಬರಿನ ಮರಳು ಕಾಗದವನ್ನು ಸುತ್ತಿ, ಒಳಗಿನ ಗೋಡೆಯನ್ನು ಸುತ್ತಲೂ ಸಮನಾಗಿ ಉಜ್ಜುತ್ತಾ, ಆಗಾಗ ಜ್ಯಾಕನ್ನು ಇಟ್ಟು ನೋಡಿರಿ. ದೊಡ್ಡ ಡ್ರಿಲ್ ಬಿಟ್ಟನ್ನು ನೇರವಾಗಿ ನುಗ್ಗಿಸಿದರೆ ಅದು ಅಂಚನ್ನು ಕಚ್ಚಿ ಬಣ್ಣವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಉಜ್ಜಿದ ಬಳಿಕ ತೆರೆದ ಮರಕ್ಕೆ ತೆಳುವಾಗಿ ವಾರ್ನಿಷ್ ಹಚ್ಚಿ.

ಬಹಳ ಜನ ಮರೆಯುವ ಸಂಗತಿಯೊಂದಿದೆ. 6.35 ಮಿ.ಮೀ. ಪ್ಲಗ್ಗನ್ನು ತುರುಕಿದಾಗ ಜ್ಯಾಕಿನ ಸ್ಪ್ರಿಂಗ್ ನಾಲಗೆ ಹೊರಮುಖವಾಗಿ ಸರಿಯುವುದರಿಂದ, ಖಾಲಿ ಜ್ಯಾಕ್ ಸಲೀಸಾಗಿ ಇಳಿದರೂ ಪ್ಲಗ್ ಹಾಕಿದೊಡನೆ ಆ ನಾಲಗೆ ರಂಧ್ರದ ಗೋಡೆಗೆ ತಾಗಬಹುದು. ಆ ಗೋಡೆಗೆ, ಗುಂಯ್ಗುಡುವ ಸದ್ದನ್ನು ತಡೆಯಲೆಂದು ಗ್ರೌಂಡ್ ವೈರಿಗೆ ಜೋಡಿಸಿದ ತಾಮ್ರದ ಹಾಳೆಯನ್ನು ಅಂಟಿಸಿದ್ದರೆ ಶಾರ್ಟ್ ಆಗಿ ಗಿಟಾರ್ ಮೂಕವಾಗುತ್ತದೆ. ಆದ್ದರಿಂದ ಅಳತೆ ನೋಡುವಾಗ ಪ್ಲಗ್ ಒಳಗೇ ಇರಲಿ, ನಾಲಗೆಯನ್ನು ಜಾಗ ಹೆಚ್ಚಿರುವ ದಿಕ್ಕಿಗೆ ತಿರುಗಿಸಿ.

ವೈರುಗಳನ್ನು ಮೊದಲೇ ಬೆಸುಗೆ ಹಾಕಿಕೊಂಡು, ನಟ್ ಬಿಗಿಯುವಾಗ ಜ್ಯಾಕ್ ತಿರುಗದಂತೆ ಒಳಗಡೆ ಹಲ್ಲಿನ ವಾಷರ್ ಹಾಕಿರಿ.