ಪ್ಲಗ್ ಚುಚ್ಚುವ ಮುನ್ನ ಮರ ನೋಡಿ

ಮಾಸ್ತರೇ, ಪಿಯುಸಿ ಓದುವ ಮಗಳಿಗೆ 30 ಸಾವಿರದೊಳಗೆ ಒಳ್ಳೆಯ ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರ್ (ಹಾಗೆಯೇ ನುಡಿಸಲೂ ಪ್ಲಗ್ ಹಾಕಿ ಸ್ಪೀಕರಿಗೆ ಕೊಡಲೂ ಬರುವಂಥದ್ದು) ಯಾವುದು, ಮಾನ್ವಿಗೆ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದೇ, ಈಗಿರುವ ಹಳೆಯ ಗಿಟಾರಿನ ಬ್ಯಾಟರಿ ಎರಡೇ ವಾರಕ್ಕೆ ಸಾಯುವುದೇಕೆ ಎಂದು ಮೂರು ಪ್ರಶ್ನೆ ಕೇಳಿದ್ದೀರಿ. ಮೇಲೆ ಉತ್ತರಿಸಿದವರೆಲ್ಲ ಪ್ರೀಆಂಪಿನಲ್ಲಿ, ಅಂದರೆ ಗಿಟಾರಿನೊಳಗೆ ದನಿಯನ್ನು ಹಿಗ್ಗಿಸಿ ಹದಗೊಳಿಸುವ ಬ್ಯಾಟರಿ ಸಾಧನದಲ್ಲಿ, ಎಷ್ಟು ಗುಂಡಿಗಳಿರಬೇಕು ಎಂಬ ಲೆಕ್ಕದಲ್ಲೇ ಮುಳುಗಿದ್ದಾರೆ. ನಾನು ಬಳ್ಳಾರಿಯಲ್ಲಿ ಹದಿನೈದು ವರ್ಷಗಳಿಂದ ಸುಗಮ ಸಂಗೀತಕ್ಕೆ ಗಿಟಾರ್ ಸಾಥ್ ಕೊಡುತ್ತಿದ್ದೇನೆ. ನನ್ನ ಅನುಭವ ಬೇರೆಯೇ ಇದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೆಟ್ಟರೆ ಬಿಚ್ಚಿ ಬೇರೆ ಹಾಕಿಸಬಹುದು. ಮರ ಮತ್ತು ನೆಕ್ (ಗಿಟಾರಿನ ಉದ್ದನೆಯ ಕತ್ತು) ಸರಿಯಿಲ್ಲದಿದ್ದರೆ ಯಾರೂ ಏನೂ ಮಾಡಲಾಗದು. ಅದರಲ್ಲೂ ನಮ್ಮ ಸೀಮೆಯ ಬಿಸಿಲಿನಲ್ಲಿ.

ಬಿಸಿಲಿನ ಮಾತು ಬಂದಿದ್ದಕ್ಕೆ ನನ್ನದೇ ಪೆದ್ದುತನವನ್ನು ಮೊದಲು ಹೇಳಿಬಿಡುತ್ತೇನೆ. ಒಮ್ಮೆ ಮೇ ತಿಂಗಳಲ್ಲಿ ರಾಯಚೂರಿನ ಒಂದು ಮದುವೆ ಆರತಕ್ಷತೆಗೆ ಹೋಗಿದ್ದೆವು. ಊಟಕ್ಕೆ ಕುಳಿತವರು ಎದ್ದಿದ್ದು ಒಂದೂವರೆ ಗಂಟೆಯ ನಂತರ. ಗಿಟಾರ್ ಕಾರಿನ ಡಿಕ್ಕಿಯಲ್ಲಿತ್ತು. ಸಂಜೆ ಚೀಲ ಬಿಚ್ಚಿದಾಗ ನೋಡಲು ಎಲ್ಲವೂ ಸರಿಯಾಗಿಯೇ ಇತ್ತು, ಆದರೆ ತಂತಿಗಳು ಮೊದಲಿಗಿಂತ ಎತ್ತರದಲ್ಲಿವೆ ಎನಿಸಿತು. ಜೇಬಿನಲ್ಲಿದ್ದ ಲಗ್ನಪತ್ರಿಕೆಯ ಅಂಚನ್ನು ಬ್ರಿಡ್ಜಿನ (ಮುಖದ ಹಲಗೆಗೆ ಅಂಟಿಸಿದ, ತಂತಿಗಳನ್ನು ಹಿಡಿದಿಡುವ ಪಟ್ಟಿಯ) ಹಿಂಬದಿಗೆ ಹಿಡಿದೆ. ಅರ್ಧ ಇಂಚು ಒಳಗೆ ಜಾರಿತು! ಕಾದ ಡಿಕ್ಕಿಯಲ್ಲಿ ಅಂಟು ಮೆತ್ತಗಾಗಿ, ಆರೂ ತಂತಿಗಳ ಎಳೆತಕ್ಕೆ ಬ್ರಿಡ್ಜ್ ಎದ್ದುಬಿಟ್ಟಿತ್ತು. ಅಂದಿನಿಂದ ಯಾರ ಗಿಟಾರ್ ಕೈಗೆ ಬಂದರೂ ಮೊದಲು ಕಾಗದದ ಅಂಚನ್ನು ಅಲ್ಲಿಗೇ ಹಿಡಿಯುತ್ತೇನೆ. ನೀವೂ ಅಂಗಡಿಯಲ್ಲಿ ಹಾಗೆಯೇ ಮಾಡಿ. ಕಾಗದ ಎಲ್ಲೂ ಒಳಗೆ ಹೋಗಬಾರದು.

ಈಗ ಮರ. ಗಿಟಾರಿನ ಮುಖದ ಹಲಗೆಯೇ ಅದರ ದನಿ. ಆ ಹಲಗೆ ಇಡಿ ಮರದ್ದಾಗಿದ್ದರೆ ಸಾಲಿಡ್ ಟಾಪ್, ಪದರ ಅಂಟಿಸಿದ್ದಾದರೆ ಲ್ಯಾಮಿನೇಟ್, ಅಂದರೆ ಪ್ಲೈವುಡ್ಡಿನ ತಮ್ಮ. ಜಾಹೀರಾತಿನಲ್ಲಿ ಬರೀ ‘ಸ್ಪ್ರೂಸ್ ಟಾಪ್’ ಎಂದಿದ್ದು ‘ಸಾಲಿಡ್’ ಪದ ಇಲ್ಲವೆಂದರೆ ಬಹುತೇಕ ಅದು ಲ್ಯಾಮಿನೇಟ್ ಎಂದೇ ತಿಳಿಯಿರಿ. ಕಣ್ಣಿನಿಂದಲೂ ಗುರುತಿಸಬಹುದು. ದನಿಗಂಡಿಯ, ಅಂದರೆ ಮುಖದ ನಡುವಿನ ದುಂಡು ತೂತಿನ, ಅಂಚಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೇಲಿನ ಎಳೆಗಳು ಅಂಚಿನಲ್ಲಿ ಹಾಗೆಯೇ ಕೆಳಗೆ ಇಳಿದಿದ್ದರೆ ಇಡಿ ಮರ, ಅಡ್ಡಲಾಗಿ ಪದರ ಕಂಡರೆ ಅಲ್ಲ.

ಹಾಗೆಂದು ಮುಖ, ಬೆನ್ನು, ಪಕ್ಕ ಮೂರೂ ಇಡಿ ಮರದ್ದಾದ ಗಿಟಾರಿಗೆ ಆಸೆಪಡಬೇಡಿ. ಅದಕ್ಕೆ ನಿಮ್ಮ ಬಜೆಟ್ ಸಾಲದು. ಸಾಲಿದರೂ ನಮ್ಮ ಕಡೆ ಅದು ಚಾಕರಿ ಕೇಳುವ ವಸ್ತು. ಗಿಟಾರಿಗೆ ಗಾಳಿಯ ತೇವಾಂಶ ಶೇ 45ರಿಂದ 55ರ ನಡುವೆ ಇದ್ದರೆ ಹಿತ. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ಅದು ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಒಣಗಿದ ತುಟಿಗಳೇ ಹೇಳುತ್ತವೆ. ಇದರ ಮೇಲೆ ಕೂಲರ್ ಬೇರೆ! ರಾತ್ರಿಯಿಡೀ ನೀರಿನ ಗಾಳಿ ಬೀಸಿ ಕೋಣೆ ತಂಪಾಗುತ್ತದೆ, ಬೆಳಿಗ್ಗೆ ಕರೆಂಟು ಹೋದ ಗಂಟೆಯಲ್ಲೇ ಮತ್ತೆ ಒಣಗುತ್ತದೆ. ಮರ ಹಿಗ್ಗಿ ಕುಗ್ಗಿ ಸುಸ್ತಾಗುತ್ತದೆ. ಒಣಗಿದ ಗಿಟಾರನ್ನು ಗುರುತಿಸುವುದು ಸುಲಭ: ನೆಕ್ಕಿನ ಅಂಚಿನಲ್ಲಿ ಕೈ ಆಡಿಸಿದರೆ ಫ್ರೆಟ್ಟಿನ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ) ತುದಿಗಳು ಗರಗಸದಂತೆ ತಾಗುತ್ತವೆ. ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ, ಅಷ್ಟೇ. ಆದ್ದರಿಂದ ನನ್ನ ಸಲಹೆ: ಮುಖ ಇಡಿ ಮರದ್ದು, ಬೆನ್ನು ಮತ್ತು ಪಕ್ಕ ಲ್ಯಾಮಿನೇಟ್. ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಓಡಾಡುವವಳು ತಾನೇ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜನ್ನಿಟ್ಟು ಬೇಸಿಗೆಯಲ್ಲಿ ಚೀಲದೊಳಗೆ ಹಾಕಿ. ಕೆಲವು ನೂರು ರೂಪಾಯಿಗೆ ಸಿಗುವ ತೇವಮಾಪಕವೂ ಅದರ ಪಕ್ಕದಲ್ಲಿರಲಿ.

ಈ ಲೆಕ್ಕಕ್ಕೆ ಹೊಂದುವ ಎರಡು ಹೆಸರು ಹೇಳುತ್ತೇನೆ. ಯಮಾಹಾ ಎಫ್‌ಜಿಎಕ್ಸ್ 800ಸಿ, ಫೆಂಡರ್ ಸಿಡಿ-60ಎಸ್‌ಸಿಇ. ಎರಡಕ್ಕೂ ಸಾಲಿಡ್ ಸ್ಪ್ರೂಸ್ ಮುಖವಿದೆ; ಫೆಂಡರಿನಲ್ಲಿ ಫಿಶ್‌ಮನ್ ಕಂಪನಿಯ ಪ್ರೀಆಂಪ್ ಇರುತ್ತದೆ. ಬೆಲೆ ಏರಿಳಿಯುತ್ತಿರುತ್ತದೆ, ಅವತ್ತಿನದನ್ನು ವಿಚಾರಿಸಿ. ಆದರೆ ಇವೆರಡೂ ಡ್ರೆಡ್ನಾಟ್ ಆಕಾರ, ಹೊಟ್ಟೆ ದೊಡ್ಡದು. ಮಗಳು ಸಣ್ಣ ಮೈಕಟ್ಟಿನವಳಾದರೆ ಬಲಗೈ ಮೇಲೆತ್ತಿ ನುಡಿಸಿ ಭುಜ ನೋಯುತ್ತದೆ. ಅಂಥವರು ಯಮಾಹಾ ಎಪಿಎಕ್ಸ್ 600 ನೋಡಬಹುದು: ತೆಳು ಹೊಟ್ಟೆ, ತಂತಿಯ ಉದ್ದ ಸಾಮಾನ್ಯವಾದ 650 ಮಿ.ಮೀ. ಬದಲು 634. ಮುಖ ಸಾಲಿಡ್ ಅಲ್ಲ, ಪ್ಲಗ್ ಇಲ್ಲದೆ ಮನೆಯಲ್ಲಿ ನುಡಿಸಿದರೆ ದನಿ ಸ್ವಲ್ಪ ತೆಳುವು. ವೇದಿಕೆಯಲ್ಲಿ ಮಾತ್ರ ಆ ತೆಳು ಹೊಟ್ಟೆಯೇ ಕಾಪಾಡುತ್ತದೆ, ಸ್ಪೀಕರಿನ ದನಿ ಗಿಟಾರಿಗೇ ಮರಳಿ ಸೀಟಿ ಹೊಡೆಯುವುದು ಕಡಿಮೆ.

ಫ್ರೆಟ್‌ಬೋರ್ಡಿಗೆ ಬೀಟೆ ಇಲ್ಲವೆಂದು ಒಬ್ಬರು ಮೇಲೆ ಬೇಸರಪಟ್ಟಿದ್ದಾರೆ. ನಮ್ಮ ಪಶ್ಚಿಮಘಟ್ಟದ ಬೀಟೆ ಜಗತ್ತಿನ ಗಿಟಾರುಗಳಿಗೆಲ್ಲ ಬೇಕಾದ ಮರ ನಿಜ. ಆದರೆ 2017ರಲ್ಲಿ ಆ ಇಡೀ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿರ್ಬಂಧ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಗುವಷ್ಟರಲ್ಲಿ ಹಲವು ಕಂಪನಿಗಳು ವಾಲ್‌ನಟ್‌ನಂಥ ಮರಗಳಿಗೆ ಹೊರಳಿದ್ದವು. ಕಲಿಯುವವಳ ಬೆರಳಿಗೆ ಅದರಿಂದ ನಷ್ಟವೇನಿಲ್ಲ.

ಪಿಕಪ್ ವಿಷಯ ಚುಟುಕಾಗಿ. ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿಗಳನ್ನು ಹೊರುವ ಸಣ್ಣ ಪಟ್ಟಿ) ಕೆಳಗೆ ಕೂರುವ ಪೀಜೋ ಪಟ್ಟಿ ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನ ಬಂಧುವೇ. ಒತ್ತಿದರೆ ವಿದ್ಯುತ್ ಹುಟ್ಟುವ ಹರಳು ಎರಡರಲ್ಲೂ ಇದೆ. ಕ್ಯೂರಿ ಸಹೋದರರು ಇದನ್ನು ಕಂಡುಹಿಡಿದದ್ದು 1880ರಲ್ಲಿ. ಪಟ್ಟಿಯ ಮೇಲೆ ಸ್ಯಾಡಲ್ ಸಮನಾಗಿ ಕೂರದಿದ್ದರೆ ಯಾವುದೋ ಒಂದು ತಂತಿಯ ದನಿ ಕುಗ್ಗುತ್ತದೆ. ಇದು ಪ್ಲಗ್ ಹಾಕದೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಆಂಪಿಗೆ (ದನಿ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆಗೆ) ಹಾಕಿಸಿ, ಆರು ತಂತಿಗಳನ್ನೂ ಒಂದೊಂದಾಗಿ ಒಂದೇ ಬಲದಲ್ಲಿ ಮೀಟಿಸಿ. ಕೇಬಲನ್ನು ಬುಡದಲ್ಲಿ ಸ್ವಲ್ಪ ಅಲುಗಿಸಿ. ಕರಕರ ಎಂದರೆ ಬೇರೆ ಪೀಸ್ ತೆಗೆಸಿ. ಆಮೇಲೆ ಉಕ್ಕಿನ ಅಳತೆಪಟ್ಟಿಯಿಂದ 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಎರಡೂವರೆ ಮಿ.ಮೀ. ಆಸುಪಾಸು ಇದ್ದರೆ ಸರಿ. ಮೂರೂವರೆ ಇದ್ದರೆ ಹೊಸಬರ ಬೆರಳು ಬೊಬ್ಬೆ ಬಂದು ಗಿಟಾರ್ ಅಟ್ಟ ಸೇರುತ್ತದೆ. ಇದಕ್ಕಾಗಿಯೇ ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಬೇಡಿ ಎನ್ನುತ್ತೇನೆ. ರಾಯಚೂರಿನಿಂದ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. ಬೆಳಿಗ್ಗೆ ರೈಲು ಹತ್ತಿ ಮಗಳನ್ನೂ ಕರೆದುಕೊಂಡು ಹೋಗಿ.

ಹೊಸ ಆಂಪ್ ಕೊಳ್ಳಬೇಡಿ. ಆ ದುಡ್ಡಿನಲ್ಲಿ ಒಂದು ಡಿಐ ಬಾಕ್ಸ್ (ಗಿಟಾರಿನ ದನಿಯನ್ನು ಮೈಕ್ ಕೇಬಲಿಗೆ ಒಗ್ಗಿಸುವ ಪುಟ್ಟ ಡಬ್ಬಿ) ತೆಗೆದುಕೊಳ್ಳಿ. ನಮ್ಮ ಊರುಗಳಲ್ಲಿ ಗಿಟಾರ್ ಹೋಗುವುದು ಸೌಂಡ್‌ನವರ ಮಿಕ್ಸರಿಗೆ, ಅದು ವೇದಿಕೆಯಿಂದ ನೂರು ಅಡಿ ದೂರ ಶಾಮಿಯಾನದ ಕಂಬದ ಬುಡದಲ್ಲಿರುತ್ತದೆ. ಗಿಟಾರ್ ಕೇಬಲನ್ನು ಅಷ್ಟುದ್ದ ಎಳೆದರೆ ದಾರಿಯುದ್ದಕ್ಕೂ ಗುಂಯ್ ಎನ್ನುವ ಸದ್ದನ್ನು ಹೀರಿಕೊಳ್ಳುತ್ತದೆ. ಡಿಐ ಇದ್ದರೆ ಗಿಟಾರಿನಿಂದ ಅದಕ್ಕೆ ಮೂರು ಮೀಟರ್, ಅಲ್ಲಿಂದ ಮುಂದೆ ಅವರ ಮೈಕ್ ಕೇಬಲ್. ಗಣಪತಿ ಪೆಂಡಾಲುಗಳಲ್ಲಿ ಎರಡೇ ತಂತಿ ಎಳೆದು ಅರ್ಥಿಂಗ್ ಇಲ್ಲದೆ ಕರೆಂಟು ಕೊಟ್ಟಿರುತ್ತಾರೆ. ಗುಂಯ್‌ಗುಡುವುದು ಹೆಚ್ಚಾದರೆ ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಮೂರನೆಯ, ಅಂದರೆ ಅರ್ಥಿಂಗ್, ಪಿನ್ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ, ಮಗಳು ಮೈಕ್ ಮುಟ್ಟಿಕೊಂಡು ಹಾಡುವವಳು, ಶಾಕ್ ಹೊಡೆದೀತು. ಸ್ಪೀಕರ್ ಬಾಕ್ಸಿನ ಎದುರು ನಿಂತಾಗ ಗಿಟಾರ್ ಕೂಗಿದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೇಸ್ ಇಳಿಸಿ. ದನಿಗಂಡಿ ಮುಚ್ಚುವ ರಬ್ಬರ್ ಮುಚ್ಚಳ ಸಿಗುತ್ತದೆ, ಚೀಲದಲ್ಲಿ ಒಂದು ಇರಲಿ.

ಪೇಟಿಯ (ಹಾರ್ಮೋನಿಯಂ) ಜೊತೆ ನುಡಿಸುವುದರಿಂದ ಇನ್ನೊಂದು ಮಾತು. ಕೇಪೋ, ಅಂದರೆ ನೆಕ್ಕಿಗೆ ಸಿಕ್ಕಿಸಿ ಎಲ್ಲ ತಂತಿಗಳನ್ನೂ ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್, ಖಂಡಿತ ಬೇಕು. ಮಗಳು ಕಪ್ಪು ಐದರಲ್ಲಿ (ಪೇಟಿಯ ಐದನೇ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವಳಾದರೆ ಮೂರನೇ ಫ್ರೆಟ್ಟಿಗೆ ಕೇಪೋ ಹಾಕಿ ಜಿ ಕಾರ್ಡುಗಳಲ್ಲಿ ನುಡಿಸಬಹುದು, ಕಪ್ಪು ನಾಲ್ಕಾದರೆ ಒಂದನೇ ಫ್ರೆಟ್ಟು. ಹಳೆಯ ಪೇಟಿಗಳು ಟ್ಯೂನರಿನ ಸಾಮಾನ್ಯ ಆಧಾರ ಶ್ರುತಿಯಾದ 440 ಹರ್ಟ್ಸ್‌ನಲ್ಲಿ ಇರುವುದು ಅಪರೂಪ. ಪೇಟಿಯನ್ನು ವೇದಿಕೆಯ ಮೇಲೆ ಶ್ರುತಿ ಮಾಡಲಾಗದು, ಬಗ್ಗಬೇಕಾದವರು ನಾವೇ. ಆಧಾರ ಸಂಖ್ಯೆಯನ್ನು 441, 442 ಎಂದು ಬದಲಿಸಲು ಬರುವ ಟ್ಯೂನರನ್ನೇ ಕೊಳ್ಳಿ.

ಇನ್ನು ನಿಮ್ಮ ಬ್ಯಾಟರಿ. ಹೆಚ್ಚಿನ ಗಿಟಾರುಗಳಲ್ಲಿ ಪ್ರೀಆಂಪಿಗೆ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಆಂಪ್ ಆರಿಸಿ ಕೇಬಲನ್ನು ಗಿಟಾರಿನಲ್ಲೇ ಬಿಟ್ಟು ಮಲಗುತ್ತಿದ್ದೀರಿ ಎಂದು ನನ್ನ ಊಹೆ. ಇವತ್ತು ರಾತ್ರಿ ಕಿತ್ತಿಟ್ಟು ನೋಡಿ. ಹಳೆಯದನ್ನು ಮಾರುವ ಯೋಚನೆಯಿದ್ದರೆ ಬ್ಯಾಟರಿಯನ್ನು ಈಗಲೇ ಹೊರಗೆ ತೆಗೆದಿಡಿ, ಸೋರಿದರೆ ಡಬ್ಬಿಯ ಸ್ಪ್ರಿಂಗುಗಳು ಹಸಿರುಗಟ್ಟಿ ಕೊಳ್ಳುವವರು ಅರ್ಧ ಬೆಲೆಗೆ ಕೇಳುತ್ತಾರೆ.